ಅಡಕೊತ್ತು

ತಾಂಬೂಲಪ್ರಿಯರ ಸೊಂಟದ ಸಂಚಿಯಲ್ಲಿ ಎಲೆ, ಸುಣ್ಣದ ಡಬ್ಬಿಗಳೊಡನೆ ಅಡಕೊತ್ತೂ ಇರುತ್ತಿದ್ದಿತು. ಒಂದೇ ಕೀಲಿಗೆ ಬಿಗಿದ ಎರಡು ತೋಳು. ಮೇಲಿನದರಲ್ಲಿ ಉಕ್ಕಿನ ಅಲಗು, ಕೆಳಗಿನದು ಅಡಕೆಗೆ ಆಸರೆ. ಚೂರಿಯಂತೆ ಕೊಯ್ಯದೆ ಒತ್ತಿ ಸೀಳುವುದೇ ಇದರ ಗುಣ. ಹಿತ್ತಾಳೆಯಲ್ಲಿ ಗಿಳಿ, ನವಿಲು, ಕುದುರೆಗಳ ಆಕಾರ ತಳೆದವೂ ಉಂಟು. ನಾಲ್ವರು ರಸಿಕರು ಕಟ್ಟೆಯ ಮೇಲೆ ಕೂಡಿದರೆ, ಒಬ್ಬರದು ಇನ್ನೊಬ್ಬರ ಕೈಗೆ ದಾಟಿ ಅಲಗು ಕೀಲುಗಳ ಪರೀಕ್ಷೆ ನಡೆಯುತ್ತಿದ್ದಿತು.

ಅಡಕೆ, ಒತ್ತು ಎಂಬೆರಡು ಪದಗಳು ಸೇರಿ ಅಡಕೊತ್ತು. ಲೋಪಸಂಧಿಯ ಪಾಠಕ್ಕೆ ಇದಕ್ಕಿಂತ ಸೊಗಸಾದ ಉದಾಹರಣೆ ಬೇಕೆ? ಮರಾಠಿಗರು ಅಡಕೆಯನ್ನು ‘ಸುಪಾರಿ’ ಎನ್ನುವರು. ಅದನ್ನು ಕತ್ತರಿಸುವ ಸಾಧನವನ್ನು ಮಾತ್ರ ‘ಅಡಕಿತ್ತಾ’ ಎನ್ನುವರು. ಈ ಹೆಸರು ಕನ್ನಡದಿಂದ ಹೋದುದೆಂದು ಪಂಡಿತರ ಮತ. ಸೊಲ್ಲಾಪುರ, ಅಕ್ಕಲಕೋಟೆಗಳ ನಮ್ಮ ಮಕ್ಕಳು ಇದನ್ನು ಅವಶ್ಯವಾಗಿ ತಿಳಿದಿರತಕ್ಕದ್ದು.

ಪುಣೆಯ ದಿನಕರ ಕೇಳಕರರು 1920ರ ಸುಮಾರಿಗೆ ಹಳೆಯ ಗೃಹೋಪಯೋಗಿ ವಸ್ತುಗಳನ್ನು ಕೂಡಿಸತೊಡಗಿದರು. ಬಾಲ್ಯದಲ್ಲಿಯೇ ತೀರಿಕೊಂಡ ಮಗ ರಾಜಾನ ಹೆಸರನ್ನು ಹೊತ್ತ ಅವರ ಸಂಗ್ರಹಾಲಯದಲ್ಲಿ ಅಡಕೊತ್ತುಗಳಿಗೂ ಗೌರವದ ಸ್ಥಾನವುಂಟು. ವಾರ್ಸಾದಲ್ಲಿ ಹುಟ್ಟಿ ಅಮೆರಿಕೆಯಲ್ಲಿ ನೆಲಸಿದ ಗಣಿತಜ್ಞ ಸ್ಯಾಮ್ಯುಯೆಲ್ ಐಲೆನ್‌ಬರ್ಗ್ (1913–1998) ಸಹ ಇವನ್ನು ಶೇಖರಿಸಿದವರೇ. ನಮ್ಮಲ್ಲಿಯೋ, ಅಜ್ಜ ತೀರಿದ ಮೇಲೆ ಅಡಕೊತ್ತು ಗುಜರಿಯವನ ತಕ್ಕಡಿಗೆ ಬೀಳುತ್ತಿದೆ. ಅಟ್ಟದ ಮೇಲೆ ಒಂದಾದರೂ ಉಳಿದಿದ್ದರೆ, ಅದು ಯಾರದೆಂದು ಚೀಟಿಯಲ್ಲಿ ಬರೆದು ಅದಕ್ಕೆ ಕಟ್ಟಿಡಿರಿ.