ಹಾಲಿನ ಅಂಟಿನ ವಿಮಾನ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಲ್ಲಿ 2023ರ ಫೆಬ್ರವರಿಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆದಾಗಿಂದ ನಮ್ಮ ಮಗಳ ಮಗನಿಗೆ ಹಾರೋದ್ರದ್ದೇ ಹುಚ್ಚು. ದಸರಾ ರಜಕ್ಕೆ ತುಮಕೂರಿಗೆ ಬಂದೋನು ಎರಡು ದಿನ ಕೂತು ಥರ್ಮಕೋಲಲ್ಲಿ ವಿಮಾನ ಕುಯ್ದ. "ಅಜ್ಜಿ, ಅಂಟು ಕೊಡು" ಅಂದ. ಚಪ್ಪಲಿ ಅಂಟಿಸೋ ಹಳದಿ ಅಂಟು ಕೈಗೆ ಸಿಕ್ತು, ಕೊಟ್ಬಿಟ್ಟೆ. ಹಚ್ಚಿದ ಕಡೆಯೆಲ್ಲ ನೀರಿಗೆ ಬಿದ್ದ ಬೆಲ್ಲದಂಗೆ ಕರಗಿ ರೆಕ್ಕೆ ತೂತಾಯ್ತು. ಮಗು ಸಂಜೆವರೆಗೂ ನನ್ನತ್ರ ಮಾತಾಡ್ಲಿಲ್ಲ. ಆ ಅಂಟಲ್ಲಿರೋ ದ್ರಾವಕ ಥರ್ಮಕೋಲ್ ತಿನ್ನುತ್ತೆ ಅಂತ ಅಳಿಯ ಆಮೇಲೆ ಹೇಳಿದ್ರು. ತಪ್ಪು ನಂದೇ.

ಕುಣಿಗಲ್‌ನಲ್ಲಿ ನಾವು ಚಿಕ್ಕೋರಿದ್ದಾಗ ಆಷಾಢದ ಗಾಳಿಪಟಕ್ಕೆ ಅನ್ನದ ಅಗುಳೇ ಅಂಟು. ಪುಸ್ತಕಕ್ಕೆ ಮೈದಾ ಗಂಜಿ, ಹುಳ ಹಿಡೀದಂಗೆ ಚಿಟಿಕೆ ಮೈಲುತುತ್ತ. ನಾಲ್ಕು ಹನಿ ಮಳೆ ಬಿತ್ತೋ, ಪಟ ಬಿಚ್ಕೊಂಡು ಕೈಗೆ ಕಡ್ಡಿ ಮಾತ್ರ.

ನಗಬ್ಯಾಡಿ. ನಿಜವಾದ ವಿಮಾನಗಳನ್ನೂ ಒಂದು ಕಾಲಕ್ಕೆ ಹಾಲಿನ ಅಂಟಲ್ಲೇ ಜೋಡಿಸ್ತಿದ್ರು ಕಣ್ರೀ! ಹಾಲು ಒಡೆಸಿ, ಗಟ್ಟಿ ಒಣಗಿಸಿ ಪುಡಿ ಮಾಡಿ, ಸುಣ್ಣ ನೀರು ಸೇರಿಸಿ ಕಲೆಸೋದು. ಕೇಸೀನ್ ಅಂಟು ಅಂತ ಅದಕ್ಕೆ ಹೆಸರು. ಮೊದಲನೇ ಮಹಾಯುದ್ಧದ ಕಾಲದಲ್ಲೇ ಮರದ ವಿಮಾನಕ್ಕೆ ಬಳಸಿದ್ರು. ನಾವು ಒಡೆದ ಹಾಲನ್ನ ಅಯ್ಯೋ ಅಂತ ಚೆಲ್ತೀವಿ, ನೋಡಿ.

ಎರಡನೇ ಯುದ್ಧದಲ್ಲಿ ಬ್ರಿಟಿಷರ ಮಸ್ಕಿಟೊ ಅನ್ನೋ ವಿಮಾನ ಬಹುಪಾಲು ಮರದ್ದೇ. ಮೊದಮೊದಲು ಅದಕ್ಕೂ ಕೇಸೀನ್. ಇಂಗ್ಲೆಂಡಿನ ಚಳೀಲಿ ನಡೀತು. ನಮ್ಮ ದೇಶದ ಸೆಕೆ, ಮಳೆಗೆ ಬಂದಾಗ ಕಥೆ ಬೇರೆ. 1944ರಲ್ಲಿ ಇಲ್ಲಿ ಹಾರಾಡ್ತಿದ್ದಾಗ್ಲೇ ಕೆಲವುದ್ರ ರೆಕ್ಕೆ ಮುರಿದು ಸೈನಿಕರು ಸತ್ರು. ನವೆಂಬರಲ್ಲಿ ಅವನ್ನ ನೆಲಕ್ಕೆ ಇಳಿಸಿ ತಪಾಸಣೆ ಮಾಡಿದ್ರು. ಅಂಟಿನ ದೋಷ ಅಂತ ಕೆಲವರು, ಕಾರ್ಖಾನೇಲಿ ಸರಿಯಾಗಿ ಕೂಡಿಸಿಲ್ಲ ಅಂತ ಕೆಲವರು ಅಂದ್ರು. ನನಗನ್ನಿಸೋದು, ಎರಡೂ ಇರ್ಬೇಕು. ಅಂಟು ಎಷ್ಟೇ ಒಳ್ಳೇದಾದ್ರೂ ಬಿರುಕು ಬಿಟ್ಟು ಕೂಡಿಸಿದ್ರೆ ನಿಂತೀತೇ? ಅಷ್ಟೊತ್ತಿಗೆ ಯೂರಿಯಾದಿಂದ ಮಾಡಿದ ಅಂಟು ಬಂದಿತ್ತು. ಹೂಂ, ನಮ್ಮ ಹೊಲಕ್ಕೆ ಚೆಲ್ಲೋ ಯೂರಿಯಾನೇ! ತೇವಕ್ಕೆ ಅದು ಕೇಸೀನ್‌ಗಿಂತ ಗಟ್ಟಿ.

ನಮ್ಮ ಬೆಂಗಳೂರಿನ ಎಚ್‌ಎಎಲ್ 1940ರದ್ದು. ಅವರು 1951ರಲ್ಲಿ ಹಾರಿಸಿದ ಎಚ್‌ಟಿ-2 ಲೋಹದ ವಿಮಾನ. ಅಲ್ಲಿಗೆ ಅಂಟಿನ ಕಾಲ ಮುಗೀತು ಅಂದ್ಕೊಂಡಿದ್ದೆ. ಈಗಿನ ಹೆಲಿಕಾಪ್ಟರ್ ರೆಕ್ಕೇಲಿ ನಾರಿನ ಪದರಗಳನ್ನ ರಾಳದಲ್ಲಿ ಕೂಡಿಸಿ ಬಿಸಿ ಮಾಡಿ ಗಟ್ಟಿಸ್ತಾರಂತೆ. ಅಂಟು ವಾಪಸ್ ಬಂತು!

ನಮ್ಮ ಹುಡುಗನಿಗೆ ಹೊಸ ಥರ್ಮಕೋಲ್ ತಂದೆ. ಈ ಸಲ 1959ರಿಂದ ಬರ್ತಿರೋ ಆ ಬಿಳಿ ಫೆವಿಕಾಲ್ಲೇ, ತೆಳ್ಳಗೆ. ತಕ್ಷಣ ಹಿಡಿಯೋ ಅಂಟು ಕೇಳಿದ. ಅದೂ ಥರ್ಮಕೋಲ್ ಸುಡುತ್ತೆ, ಬೆರಳು ಅಂಟ್ಕೊಳ್ಳುತ್ತೆ, ಕಣ್ಣಿಗೆ ಸಿಡಿದ್ರೆ ಏನು ಗತಿ? ಕೊಡ್ಲಿಲ್ಲ. ಗುಂಡುಸೂಜಿ ಚುಚ್ಚಿ, ರೆಕ್ಕೆಗೆ ಎರಡೂ ಕಡೆ ಅಕ್ಕಿ ಡಬ್ಬಿ ಒತ್ತರಿಸಿ ಇಟ್ವಿ. ರಾತ್ರಿ ಎರಡು ಸಲ ಎದ್ದು ನೋಡಿದ. ಮುಟ್ಬ್ಯಾಡ, ಬೆಳಗಾಗ್ಲಿ ಅಂತ ಗದರಿಸಿ ಮಲಗಿಸ್ದೆ.