ಜಾಮೀನು, ಬಡತನ ಮತ್ತು ಚೀಟಿಯ ಪರೀಕ್ಷೆ: ಮ್ಯಾನ್‌ಹಟನ್ ಜಾಮೀನು ಯೋಜನೆಯ ಒಂದು ಸಮೀಕ್ಷೆ

ಸರ್ಕಾರವು ಜನಹಿತಕ್ಕಾಗಿ ಕೈಗೊಂಡ ಕಾರ್ಯಕ್ರಮವು ಫಲಿಸಿತೋ ಇಲ್ಲವೋ ಎಂಬುದನ್ನು ನಿರ್ಣಯಿಸುವ ಕ್ರಮಕ್ಕೂ ಒಂದು ಇತಿಹಾಸವುಂಟು. ರೋಗಿಗಳನ್ನು ಯಾದೃಚ್ಛಿಕವಾಗಿ, ಎಂದರೆ ಚೀಟಿ ಎತ್ತಿದಂತೆ, ಎರಡು ಗುಂಪುಗಳಾಗಿ ವಿಂಗಡಿಸಿ, ಒಂದಕ್ಕೆ ಮಾತ್ರ ಹೊಸ ಚಿಕಿತ್ಸೆಯನ್ನು ಕೊಟ್ಟು ಹೋಲಿಸಿ ನೋಡುವ ಪದ್ಧತಿಯು ಬ್ರಿಟನ್ನಿನಲ್ಲಿ ೧೯೪೮ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯಿಂದ ಪ್ರಸಿದ್ಧಿಗೆ ಬಂದಿತು. ಅದೇ ಪದ್ಧತಿಯನ್ನು ಒಂದು ನಗರದ ನ್ಯಾಯಾಲಯದೊಳಕ್ಕೆ ಒಯ್ದ ಮೊದಮೊದಲ ಪ್ರಯತ್ನಗಳಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ ಜಾಮೀನು ಯೋಜನೆಯು ಗಣ್ಯವಾದುದು. ಇಂದು ಹಲವು ದೇಶಗಳಲ್ಲಿ ಸ್ಥಳೀಯ ಸರ್ಕಾರಗಳು ವಿದ್ವಾಂಸರ ನೆರವಿನಿಂದ ತಮ್ಮ ಕಾರ್ಯಕ್ರಮಗಳನ್ನು ಹೀಗೆ ಪರೀಕ್ಷಿಸಿಕೊಳ್ಳುತ್ತವೆ. ಆ ರೂಢಿಯ ಬಲವೂ ದೌರ್ಬಲ್ಯವೂ ಈ ಹಳೆಯ ಪ್ರಸಂಗದಲ್ಲಿಯೇ ಕಾಣಸಿಗುತ್ತವೆಂಬುದು ಪ್ರಕೃತ ಲೇಖನದ ವಾದ.

ಜಾಮೀನಿನ ಉದ್ದೇಶ ಸರಳವಾದುದು: ವಿಚಾರಣೆಯ ದಿನ ಆಪಾದಿತನು ತಪ್ಪದೆ ಹಾಜರಾಗಬೇಕು. ಅಮೆರಿಕದ ನಗರಗಳಲ್ಲಿ ಮಾತ್ರ ಅದು ಹಣದ ವ್ಯವಹಾರವಾಗಿ ಪರಿಣಮಿಸಿತ್ತು. ನ್ಯಾಯಾಧೀಶರು ಮೊತ್ತವನ್ನು ಗೊತ್ತುಮಾಡುವರು; ಅಷ್ಟನ್ನು ಕಟ್ಟಲಾರದವನು, ಶುಲ್ಕ ಪಡೆದು ಹೊಣೆ ನಿಲ್ಲುವುದನ್ನೇ ಕಸುಬಾಗಿಸಿಕೊಂಡವನ ಬಳಿಗೆ ಹೋಗುವನು; ಆ ಶುಲ್ಕಕ್ಕೂ ಗತಿಯಿಲ್ಲದವನು ಸೆರೆಮನೆಗೆ ಹೋಗುವನು. ಸೆರೆಯಲ್ಲಿದ್ದು ವಿಚಾರಣೆಗೆ ಬಂದವರು ಹೊರಗಿನಿಂದ ಬಂದವರಿಗಿಂತ ಹೆಚ್ಚಾಗಿ ಶಿಕ್ಷೆಗೊಳಗಾಗುವರೆಂಬುದನ್ನು ನ್ಯಾಯಶಾಸ್ತ್ರಜ್ಞ ಕ್ಯಾಲೆಬ್ ಫೂಟ್ ಅವರು ಫಿಲಡೆಲ್ಫಿಯ ನಗರವನ್ನು ಕುರಿತ ೧೯೫೪ರ ಅಧ್ಯಯನದಲ್ಲಿ ಎತ್ತಿ ತೋರಿಸಿದ್ದರು. ಆದರೆ ಇದಕ್ಕೆ ಸುಲಭವಾದ ಪ್ರತ್ಯುತ್ತರವೊಂದಿತ್ತು. ಅಪರಾಧಿಯೆಂದು ಬಲವಾಗಿ ತೋರುವವನಿಗೇ ನ್ಯಾಯಾಧೀಶರು ಹೆಚ್ಚಿನ ಜಾಮೀನು ಕೇಳುತ್ತಾರೆ. ಅವನು ಶಿಕ್ಷೆಗೊಳಗಾದರೆ ಆಶ್ಚರ್ಯವೇನು? ಸೆರೆವಾಸವು ಶಿಕ್ಷೆಗೆ ಕಾರಣವೋ, ಅಥವಾ ಎರಡಕ್ಕೂ ಬೇರೊಂದು ಕಾರಣವೋ ಎಂಬುದು ಬರಿಯ ಲೆಕ್ಕದಿಂದ ತಿಳಿಯುವಂತಿರಲಿಲ್ಲ.

ಈ ತೊಡಕನ್ನು ಬಿಡಿಸಲು ಹೊರಟವರು ನ್ಯಾಯಶಾಸ್ತ್ರ ಪಂಡಿತರಲ್ಲವೆಂಬುದು ಸ್ವಾರಸ್ಯಕರ. ಲೂಯಿ ಶ್ವೈಟ್ಸರ್ ಎಂಬ ಕಾಗದದ ಉದ್ಯಮಿಯು ಬ್ರೂಕ್ಲಿನ್ನಿನ ಬಂದೀಖಾನೆಯಲ್ಲಿ ಜಾಮೀನಿಗೆ ಹಣವಿಲ್ಲದ ಒಂದೇ ಕಾರಣದಿಂದ ಕೊಳೆಯುತ್ತಿದ್ದ ತರುಣರನ್ನು ಕಂಡು, ೧೯೬೧ರಲ್ಲಿ ತನ್ನ ತಾಯಿಯ ಹೆಸರಿನಲ್ಲಿ ವೀರಾ ಪ್ರತಿಷ್ಠಾನವನ್ನು ಸ್ಥಾಪಿಸಿದನು. ಪತ್ರಿಕಾ ಸಂಪಾದಕನಾಗಿದ್ದ ಹರ್ಬರ್ಟ್ ಸ್ಟರ್ಜ್ ಅದರ ಹೊಣೆ ಹೊತ್ತನು. ಬಡವರಿಗೆ ಜಾಮೀನು ಹಣ ಕೊಡುವ ನಿಧಿಯೊಂದನ್ನು ಅವರು ಆರಂಭಿಸಬಹುದಾಗಿತ್ತು. ಅಂತಹ ದಾನದಿಂದ ಕೆಲವರು ಬಿಡುಗಡೆ ಹೊಂದುತ್ತಿದ್ದರೇ ಹೊರತು ಪದ್ಧತಿಯು ಕದಲುತ್ತಿರಲಿಲ್ಲ. ಅವರು ನಗರದ ನ್ಯಾಯಾಲಯದ ಒಪ್ಪಿಗೆ ಪಡೆದು, ಪದ್ಧತಿಯನ್ನೇ ಪರೀಕ್ಷೆಗೊಡ್ಡಿದರು.

೧೯೬೧ರ ಅಕ್ಟೋಬರ್ ೧೬ರಂದು ಕೆಲಸ ಮೊದಲಾಯಿತು. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಕಾನೂನು ವಿದ್ಯಾರ್ಥಿಗಳು, ಬಂಧಿತನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುವ ಮೊದಲೇ ಅವನನ್ನು ಕಂಡು ಮಾತನಾಡಿಸುತ್ತಿದ್ದರು. ಈ ವಿಳಾಸದಲ್ಲಿ ಎಷ್ಟು ಕಾಲದಿಂದ ವಾಸ? ಮನೆಯಲ್ಲಿ ಯಾರಿದ್ದಾರೆ? ಉದ್ಯೋಗವೇನು? ಹಿಂದೆ ಶಿಕ್ಷೆಯಾಗಿತ್ತೆ? ಉತ್ತರಗಳು ನಿಜವೇ ಎಂದು ಬಂಧುಗಳಿಂದಲೂ ಕೆಲಸ ಕೊಟ್ಟವರಿಂದಲೂ ವಿಚಾರಿಸಿಕೊಂಡು ಅಂಕ ಹಾಕುತ್ತಿದ್ದರು. ಕೊಲೆಯೇ ಮೊದಲಾದ ಕೆಲವು ಆಪಾದನೆಗಳನ್ನು ಯೋಜನೆಯಿಂದ ಹೊರಗಿಡಲಾಗಿತ್ತು. ಊರಿನಲ್ಲಿ ಸಾಕಷ್ಟು ಬೇರುಗಳಿವೆಯೆಂದು ಕಂಡುಬಂದವರೆಲ್ಲರೂ, ಹಣವಿಲ್ಲದೆ, ಬರಿಯ ಮುಚ್ಚಳಿಕೆಯ ಮೇಲೆ ಬಿಡುಗಡೆಗೆ ಅರ್ಹರು. ಚೀಟಿಯ ಕ್ರಮ ಬಂದುದು ಈ ಹಂತದಲ್ಲಿ. ಅರ್ಹರಲ್ಲಿ ಒಂದು ಗುಂಪಿನವರ ವಿಷಯದಲ್ಲಿ ಮಾತ್ರ ಶಿಫಾರಸು ನ್ಯಾಯಾಧೀಶರಿಗೆ ತಲಪುತ್ತಿತ್ತು. ಅಷ್ಟೇ ಅರ್ಹರಾದ ಮತ್ತೊಂದು ಗುಂಪಿನವರ ಕಾಗದಗಳು ಯೋಜನೆಯವರ ಬಳಿಯಲ್ಲಿಯೇ ಉಳಿಯುತ್ತಿದ್ದವು.

ಫಲಿತಾಂಶವು ೧೯೬೩ರಲ್ಲಿ ಅದೇ ವಿಶ್ವವಿದ್ಯಾನಿಲಯದ ಕಾನೂನು ಪತ್ರಿಕೆಯಲ್ಲಿ ಮಧ್ಯಂತರ ವರದಿಯಾಗಿ ಪ್ರಕಟವಾಯಿತು. ಶಿಫಾರಸು ತಲಪಿದವರಲ್ಲಿ ನೂರಕ್ಕೆ ಸುಮಾರು ೬೦ ಮಂದಿಯನ್ನು ನ್ಯಾಯಾಧೀಶರು ಮುಚ್ಚಳಿಕೆಯ ಮೇಲೆ ಬಿಟ್ಟರು. ಶಿಫಾರಸು ತಲಪದವರಲ್ಲಿ ಹಾಗೆ ಬಿಡುಗಡೆಯಾದವರು ನೂರಕ್ಕೆ ಸುಮಾರು ೧೫ ಮಂದಿ ಮಾತ್ರ. ಎರಡು ಗುಂಪುಗಳ ಜನರು ಒಂದೇ ತೆರನಾದವರಾದ್ದರಿಂದ ಈ ಅಂತರವು ಆಪಾದಿತರ ಗುಣದಿಂದ ಬಂದುದಲ್ಲ. ನ್ಯಾಯಾಧೀಶರಿಗೆ ತಿಳಿದಿದ್ದುದು ಮತ್ತು ತಿಳಿಯದಿದ್ದುದು, ಇವುಗಳಿಂದ ಬಂದುದು. ಪರೀಕ್ಷೆಗೊಳಗಾದುದು ಬಡವರ ಪ್ರಾಮಾಣಿಕತೆಯೆಂದು ಸಾಮಾನ್ಯವಾಗಿ ಹೇಳುವುದುಂಟು. ಚೀಟಿಯು ಪರೀಕ್ಷಿಸಿದುದು ನಿಜವಾಗಿ ನ್ಯಾಯಾಲಯವನ್ನು. ನ್ಯಾಯಾಧೀಶರು ಕಠಿಣರಾಗಿದ್ದುದು ಅಜ್ಞಾತ ವ್ಯಕ್ತಿಯ ಬಗೆಗೆ. ಅವನ ವಿಷಯ ತಿಳಿದೊಡನೆ ಅದೇ ನ್ಯಾಯಾಧೀಶರು ಬೇರೆಯಾಗಿ ನಡೆದುಕೊಂಡರು.

ಎರಡನೆಯ ಹೋಲಿಕೆ ಇನ್ನೂ ತೀವ್ರವಾದುದು. ಯೋಜನೆಯ ನೆರವು ಪಡೆದ ಗುಂಪಿನಲ್ಲಿ ನೂರಕ್ಕೆ ೬೦ ಮಂದಿಯ ಮೊಕದ್ದಮೆಗಳು ವಜಾ ಆದವು ಅಥವಾ ಖುಲಾಸೆಯಲ್ಲಿ ಮುಗಿದವು. ಇನ್ನೊಂದು ಗುಂಪಿನಲ್ಲಿ ೨೩. ತಪ್ಪಿತಸ್ಥರೆನಿಸಿದವರಲ್ಲಿಯೂ, ಮೊದಲ ಗುಂಪಿನ ಆರು ಮಂದಿಯಲ್ಲಿ ಒಬ್ಬನಿಗೆ ಮಾತ್ರ ಸೆರೆವಾಸವಾದರೆ, ಎರಡನೆಯದರಲ್ಲಿ ನೂರಕ್ಕೆ ೯೬ ಮಂದಿಗೆ ಆಯಿತು. ಫೂಟ್ ಅವರಿಗೆ ದೊರೆತಿದ್ದ ಪ್ರತ್ಯುತ್ತರವು ಇಲ್ಲಿ ಬಹುಮಟ್ಟಿಗೆ ಬಲಗುಂದುತ್ತದೆ. ಬಹುಮಟ್ಟಿಗೆ ಎಂದುದಕ್ಕೆ ಕಾರಣವಿದೆ: ಬಿಡುಗಡೆಯಾದವರನ್ನು ಮಾತ್ರ ಬೇರೆಯಾಗಿ ಎಣಿಸಿದರೆ, ಯಾರನ್ನು ಬಿಡಬೇಕೆಂಬ ನ್ಯಾಯಾಧೀಶರ ಆಯ್ಕೆಯು ಹಿಂಬಾಗಿಲಿನಿಂದ ಮತ್ತೆ ಒಳನುಸುಳುತ್ತದೆ. ಚೀಟಿಯ ಶುದ್ಧತೆ ಮೊದಲಿನ ಹೋಲಿಕೆಗೆ ಇದ್ದಷ್ಟು ಎರಡನೆಯದಕ್ಕೆ ಸಲ್ಲದು.

ಕಾಗದಗಳನ್ನು ತಡೆಹಿಡಿದುದು ಸರಿಯೆ? ಯೋಜನೆಗೆ ಮುಂಚೆ ಯಾರಿಗೂ ಈ ನೆರವು ಇರಲಿಲ್ಲವಾದ್ದರಿಂದ ಎರಡನೆಯ ಗುಂಪಿನವರು ತಮ್ಮಲ್ಲಿದ್ದ ಯಾವುದನ್ನೂ ಕಳೆದುಕೊಳ್ಳಲಿಲ್ಲವೆಂದು ಸಮರ್ಥಿಸಬಹುದು. ಸಂಪನ್ಮೂಲ ಸಾಲದಿದ್ದಾಗ ಚೀಟಿಯೇ ನ್ಯಾಯವಾದ ಹಂಚಿಕೆಯೆಂಬ ವಾದವನ್ನು ಈಚಿನ ಪರೀಕ್ಷೆಗಳ ಪರವಾಗಿಯೂ ಹೂಡುತ್ತಾರೆ. ನನಗೆ ಆ ವಾದವು ಈ ಪ್ರಸಂಗಕ್ಕೆ ಒಪ್ಪುವಂತೆ ತೋರುವುದಿಲ್ಲ. ಇಲ್ಲಿ ಕೊರತೆಯಾಗಿದ್ದುದು ಯಾವುದು? ವಿಚಾರಣೆ ಮುಗಿದಿತ್ತು, ಅಂಕ ಬಿದ್ದಿತ್ತು, ಕಾಗದ ಸಿದ್ಧವಾಗಿತ್ತು. ಅದನ್ನು ಒಪ್ಪಿಸಲಿಲ್ಲ, ಅಷ್ಟೆ. ಅರ್ಹನೆಂದು ಯೋಜನೆಯವರೇ ಬಲ್ಲ ಮನುಷ್ಯನು ಸೆರೆಮನೆಗೆ ಹೋದನು. ಪರೀಕ್ಷೆಗೆ ಇರುವ ನಿಜವಾದ ಸಮರ್ಥನೆ, ಅದನ್ನು ಸುಮಾರು ಒಂದು ವರ್ಷದ ಬಳಿಕ ನಿಲ್ಲಿಸಿ, ಅರ್ಹರೆಲ್ಲರ ಶಿಫಾರಸನ್ನೂ ಸಲ್ಲಿಸತೊಡಗಿದರೆಂಬುದು. ಉತ್ತರ ದೊರೆತ ಮೇಲೂ ಮುಂದುವರಿದಿದ್ದರೆ ಅದು ಕ್ರೌರ್ಯವಾಗುತ್ತಿತ್ತು.

ಮೊದಲ ಮೂರು ವರ್ಷಗಳಲ್ಲಿ ಸುಮಾರು ೩,೫೦೦ ಮಂದಿ ಬಿಡುಗಡೆ ಹೊಂದಿದರು. ಬೇಕೆಂದು ಹಾಜರಾಗದೆ ಹೋದವರು ನೂರಕ್ಕೆ ಇಬ್ಬರಿಗೂ ಕಡಿಮೆ. ೧೯೬೪ರ ಮೇ ತಿಂಗಳಿನಲ್ಲಿ ವಾಷಿಂಗ್ಟನ್ನಿನಲ್ಲಿ ಜಾಮೀನಿನ ವಿಷಯವಾಗಿ ರಾಷ್ಟ್ರೀಯ ಸಮ್ಮೇಳನ ನೆರೆಯಿತು. ೧೯೬೬ರಲ್ಲಿ ಅಧ್ಯಕ್ಷ ಜಾನ್ಸನ್ ಜಾಮೀನು ಸುಧಾರಣಾ ಕಾಯಿದೆಗೆ ಸಹಿ ಮಾಡಿದರು. ನಗರಾಡಳಿತವು ೧೯೬೪ರಲ್ಲಿ ಯೋಜನೆಯನ್ನು ತನ್ನ ಪ್ರೊಬೇಷನ್ ಇಲಾಖೆಗೆ ವಹಿಸಿಕೊಂಡಿತು. ಇಲಾಖೆಯ ಕೈಯಲ್ಲಿ ವಿಚಾರಣೆಯು ಕ್ರಮೇಣ ಯಾಂತ್ರಿಕವಾಯಿತು. ೧೯೭೩ರಲ್ಲಿ ವೀರಾ ಸಂಸ್ಥೆಯೇ ಬೇರೊಂದು ಕಚೇರಿಯನ್ನು ತೆರೆದು ಕೆಲಸವನ್ನು ಹಿಂದಕ್ಕೆ ಪಡೆಯಬೇಕಾಯಿತು. ೧೯೭೭ರಲ್ಲಿ ಅದು ಸ್ವತಂತ್ರ ಸಂಸ್ಥೆಯಾಯಿತು. ಪರೀಕ್ಷೆಯು ಉತ್ತರ ಕೊಟ್ಟಿದ್ದುದು ಉತ್ಸಾಹಿ ವಿದ್ಯಾರ್ಥಿಗಳು ಮಾಡಿದ ಕೆಲಸಕ್ಕೆ. ಗುಮಾಸ್ತರು ಮಾಡುವ ಕೆಲಸಕ್ಕಲ್ಲ.

ಈ ಯೋಜನೆಯ ಹೆಸರು ಭಾರತಕ್ಕೂ ಬಂದಿತು. ಬಿಹಾರದ ವಿಚಾರಣಾಧೀನ ಕೈದಿಗಳನ್ನು ಕುರಿತ ಹುಸೈನಾರಾ ಖಾತೂನ್ ಪ್ರಕರಣದಲ್ಲಿ, ೧೯೭೯ರಲ್ಲಿ, ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಮ್ಯಾನ್‌ಹಟನ್ನಿನ ಅನುಭವವನ್ನು ಹೆಸರಿಸಿ, ಹಣದ ಜಾಮೀನಿಲ್ಲದೆಯೂ ಆಪಾದಿತರು ಹಾಜರಾಗುವರೆಂದು ಬರೆದರು. ಊರಿನಲ್ಲಿ ಆಪಾದಿತನಿಗಿರುವ ಬೇರುಗಳನ್ನು ಗಮನಿಸಬೇಕೆಂದು ಸೂಚಿಸಿದರು. ತೀರ್ಪು ಅಲ್ಲಿಂದ ತೆಗೆದುಕೊಂಡುದು ಹಾಜರಾತಿಯ ಅನುಭವವನ್ನು. ಚೀಟಿಯು ತೋರಿಸಿದ್ದ ಮೊದಲನೆಯ ಸಂಗತಿ, ಎಂದರೆ ಯಾರಾದರೊಬ್ಬರು ವಿಚಾರಿಸಿ ತಿಳಿಸಿದ ಹೊರತು ನ್ಯಾಯಾಧೀಶರ ರೂಢಿ ಬದಲಾಗದೆಂಬುದು, ಹಿಂದುಳಿಯಿತು. ೨೦೦೫ರ ತಿದ್ದುಪಡಿಯು, ಜಾಮೀನು ಪಡೆಯಬಹುದಾದ ಅಪರಾಧಗಳಲ್ಲಿ, ಒಂದು ವಾರದೊಳಗೆ ಹೊಣೆಗಾರರನ್ನು ಒದಗಿಸಲಾರದವನನ್ನು ನಿರ್ಗತಿಕನೆಂದೇ ಭಾವಿಸಿ ಮುಚ್ಚಳಿಕೆಯ ಮೇಲೆ ಬಿಡತಕ್ಕದ್ದೆಂದಿತು. ಬಂಧಿತನ ಮನೆ, ಉದ್ಯೋಗ, ಬಂಧುಬಳಗವನ್ನು ವಿಚಾರಿಸುವ ಹೊಣೆಯನ್ನು ಅದು ಯಾರಿಗೂ ವಹಿಸಲಿಲ್ಲ. ೨೦೨೩ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಜಾಮೀನು ದೊರೆತೂ ಒಂದು ವಾರದೊಳಗೆ ಬಿಡುಗಡೆಯಾಗದವರ ವಿಷಯವನ್ನು ಸೆರೆಮನೆಯ ಅಧಿಕಾರಿಗಳು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದೂ, ಪ್ರಾಧಿಕಾರವು ಆತನ ಸಾಮಾಜಿಕ ಹಾಗೂ ಆರ್ಥಿಕ ಸ್ಥಿತಿಯ ವರದಿಯನ್ನು ಸಿದ್ಧಪಡಿಸಿ ಷರತ್ತನ್ನು ಸಡಿಲಿಸುವಂತೆ ನ್ಯಾಯಾಲಯವನ್ನು ಕೋರಬಹುದೆಂದೂ ನಿರ್ದೇಶಿಸಿತು. ಪ್ರಶ್ನೆಗಳು ಬಹುಮಟ್ಟಿಗೆ ೧೯೬೧ರ ವಿದ್ಯಾರ್ಥಿಗಳು ಕೇಳಿದವೇ. ಅವರು ಅವನ್ನು ಕೇಳುತ್ತಿದ್ದುದು ಜಾಮೀನಿನ ಮೊತ್ತ ನಿಗದಿಯಾಗುವ ಮೊದಲು. ಇಲ್ಲಿ ಕೇಳುವುದು ಅದನ್ನು ಕಟ್ಟಲಾಗದೆ ದಿನಗಳು ಕಳೆದ ಮೇಲೆ.