ನಡುಗುವ ಕೈ, ಒಂದು ಮನೆತನ, ಎಪ್ಪತ್ತು ವರ್ಷ

ಯಾರದಾದರೂ ಕೈ ನಡುಗಿದರೆ ನಮ್ಮ ಕಡೆ ಮೊದಲು ಬರುವ ಮಾತು ‘ಕುಡೀತಾನೇನೋ’ ಅಂತ. ಹೆಂಗಸರಾದರೆ ‘ಹೆದರಿಕೆ’ ಅಂತಾರೆ. ಆದರೆ ಕೆಲವು ಮನೆಗಳಲ್ಲಿ ತಾತನ ಕೈಯೂ ನಡುಗುತ್ತಿತ್ತು, ಮೊಮ್ಮಗಳ ಕೈಯೂ ನಡುಗುತ್ತದೆ. ಜೊತೆಗೆ ಪಾದದ ಕಮಾನು ಎತ್ತರ, ಮೀನಖಂಡ ಸಣ್ಣ, ನಡೆಯುವಾಗ ಕಾಲು ಎಡವುತ್ತದೆ. ಇಂಥ ಮನೆತನಗಳನ್ನು ವೈದ್ಯರು ಅರ್ಥ ಮಾಡಿಕೊಳ್ಳಲು ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

1886ರಲ್ಲಿ ಪ್ಯಾರಿಸ್‌ನ ಷಾರ್ಕೋ ಮತ್ತು ಪಿಯೆರ್ ಮಾರಿ ಈ ಕಾಯಿಲೆಯನ್ನು ವಿವರಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಹೋವರ್ಡ್ ಟೂತ್ ಕೂಡ ಬರೆದರು. ಮೂವರ ಹೆಸರೂ ಸೇರಿ ಅದು ‘ಷಾರ್ಕೋ-ಮಾರಿ-ಟೂತ್’ ಆಯಿತು. (ಹಲ್ಲಿಗೂ ಇದಕ್ಕೂ ಸಂಬಂಧವಿಲ್ಲ!) ಷಾರ್ಕೋಗೆ ನಡುಕದ ಬಗ್ಗೆ ಮೊದಲಿನಿಂದಲೂ ಕುತೂಹಲ. ಬೇರೆ ಬೇರೆ ಕಾಯಿಲೆಗಳ ನಡುಕ ಹೇಗೆ ಬೇರೆ ಎಂದು ವಿದ್ಯಾರ್ಥಿಗಳಿಗೆ ತೋರಿಸಲು ರೋಗಿಗಳ ತಲೆಗೆ ಉದ್ದನೆಯ ಗರಿ ಸಿಕ್ಕಿಸುತ್ತಿದ್ದರು. ಪಾಠಕ್ಕೆ ಅನುಕೂಲವಾಯಿತು ನಿಜ, ಗರಿ ಹೊತ್ತು ಕೂತವರಿಗೆ ಹೇಗನ್ನಿಸಿತೋ.

ಆದರೆ ಈ ವಂಶದ ಕಾಯಿಲೆಯಲ್ಲಿ ಕೈ ನಡುಕಕ್ಕೆ ವಿಶೇಷ ಗಮನ ಸಿಕ್ಕಿದ್ದು 1926ರಲ್ಲಿ. ಗುಸ್ತಾವ್ ರೂಸಿ ಮತ್ತು ಗೇಬ್ರಿಯೆಲ್ ಲೆವಿ ಒಂದೇ ಕುಟುಂಬದ ಏಳು ಜನರನ್ನು ಪರೀಕ್ಷಿಸಿದರು. ಲೆವಿ ಮಹಿಳೆ, ಆ ಕಾಲಕ್ಕೆ ನರವೈದ್ಯಶಾಸ್ತ್ರದಲ್ಲಿ ಹೆಂಗಸರು ಬಹಳ ಅಪರೂಪ. ಕಮಾನು ಪಾದ, ತಪ್ಪುವ ಹೆಜ್ಜೆ, ಮೇಲೆ ಕೈ ನಡುಕ. ಇದು ಬೇರೆಯದೇ ಕಾಯಿಲೆ ಅಂತ ಇಬ್ಬರೂ ಬರೆದರು. ಹೊಸ ಹೆಸರೂ ಬಂತು: ರೂಸಿ-ಲೆವಿ.

ಬೇರೆ ಹೌದೋ ಅಲ್ಲವೋ ಎಂಬ ವಾದ ದಶಕಗಳ ಕಾಲ ನಡೆಯಿತು. ಉತ್ತರ ಕೊಟ್ಟದ್ದು ಜೀನ್. ನರಗಳಿಗೆ ಕರೆಂಟ್ ವೈರಿನ ಪ್ಲಾಸ್ಟಿಕ್ಕಿನಂಥ ಒಂದು ಹೊದಿಕೆ ಇರುತ್ತದೆ. 1991ರಲ್ಲಿ ಗೊತ್ತಾಯಿತು: ಷಾರ್ಕೋ-ಮಾರಿ-ಟೂತ್ ಇರುವ ಅನೇಕರಲ್ಲಿ 17ನೇ ಕ್ರೋಮೋಸೋಮಿನ ಒಂದು ತುಂಡು ಎರಡು ಬಾರಿ ಇದೆ, ಅದರಿಂದ ಈ ಹೊದಿಕೆ ಕೆಡುತ್ತದೆ. ರೂಸಿ-ಲೆವಿ ಎನಿಸಿಕೊಂಡ ಕೆಲವರಲ್ಲೂ ಅದೇ ತುಂಡು ಸಿಕ್ಕಿತು. 1990ರ ದಶಕದ ಕೊನೆಗೆ ವೈದ್ಯರು 1926ರ ಅದೇ ಮನೆತನದ ವಂಶಸ್ಥರನ್ನೂ ಪರೀಕ್ಷಿಸಿದರು. ಅವರಲ್ಲಿ ಕೆಟ್ಟದ್ದು ಬೇರೊಂದು ಜೀನ್, ಆದರೆ ಅದೂ ಆ ಹೊದಿಕೆಯದ್ದೇ. ನಡುಕ ಬೇರೆ ಕಾಯಿಲೆಯ ಗುರುತಾಗಿರಲಿಲ್ಲ.

ಹಾಗಾದರೆ ನಡುಕ ಯಾಕೆ? ಕೈ ಎಲ್ಲಿದೆ ಎಂಬ ಸುದ್ದಿ ಕೆಟ್ಟ ನರದಲ್ಲಿ ನಿಧಾನವಾಗಿ ಮಿದುಳಿಗೆ ಹೋಗುತ್ತದೆ, ಸ್ನಾಯುವೂ ಸೊರಗಿರುತ್ತದೆ ಎಂಬುದು ಒಂದು ವಿವರಣೆ. ಈಗ ಗರಿ ಬೇಕಿಲ್ಲ. ಕೈಗೆ ಸಣ್ಣ ಸೆನ್ಸರ್ ಅಂಟಿಸುತ್ತಾರೆ, ಬಳಿಕ ಕೈ ಮೇಲೆ ತೂಕ ಇಡುತ್ತಾರೆ. ತೂಕಕ್ಕೆ ನಡುಕದ ವೇಗ ಇಳಿದರೆ ಅದು ಕೈಯದೇ ಸ್ವಭಾವ, ಇಳಿಯದಿದ್ದರೆ ಮಿದುಳಿನ ತಾಳ. ಆದರೂ ಒಂದೇ ಮನೆಯಲ್ಲಿ, ಒಂದೇ ಜೀನ್ ಇದ್ದೂ, ಅಣ್ಣನ ಕೈ ನಡುಗಿ ತಂಗಿಯದು ನಡುಗದಿರಬಹುದು.

ಈ ಕಾಯಿಲೆಯ ಸಾಮಾನ್ಯ ರೂಪದಲ್ಲಿ ಅಪ್ಪ ಅಥವಾ ಅಮ್ಮನಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧ. ಗಂಡು, ಹೆಣ್ಣು ಎಂಬ ಭೇದವಿಲ್ಲ. ಮನೆಯಲ್ಲಿ ಇದು ಇದ್ದರೆ ಯಾವ ಚಿಕಿತ್ಸೆಗೆ ಹೋದರೂ ಡಾಕ್ಟರಿಗೆ ಮೊದಲೇ ತಿಳಿಸಬೇಕು. ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟೀನ್ ಎಂಬ ಔಷಧಿ ಇವರ ನರಗಳನ್ನು ತೀವ್ರವಾಗಿ ಕೆಡಿಸಬಲ್ಲದು.